ಕೈಮಗ್ಗಕ್ಕೆ ಅಂಗಡಿ ಕಟ್ಟಿದ ಕಮಲಾದೇವಿ

ಮುಂಬಯಿಯ ಕೊಲಾಬಾ, ಕಾಳಾ ಘೋಡಾ, ಬಾಂದ್ರಾ ಕಡೆಗಳಲ್ಲಿ ಸಂಜೆಯ ಹೊತ್ತು ಒಂದು ಸುತ್ತು ಹಾಕಿ ಬಂದವರು ಅಲ್ಲಿನ ಪುಟ್ಟ ಪುಟ್ಟ ಉಡುಪಿನಂಗಡಿಗಳನ್ನು ಕಂಡೇ ಇರುತ್ತಾರೆ. ಬುಟೀಕ್ ಎಂಬ ಫ್ರೆಂಚ್ ಹೆಸರು ಅವುಗಳಿಗೆ ಅಂಟಿಕೊಂಡು ಎಷ್ಟೋ ದಶಕಗಳಾದವು. ಗಿರಣಿಯವರ ಮಳಿಗೆಗಳಂತೆ ಅಲ್ಲಿ ಥಾನುಗಟ್ಟಲೆ ಬಟ್ಟೆ ರಾಶಿ ಬಿದ್ದಿರುವುದಿಲ್ಲ. ಕಪಾಟಿನಲ್ಲಿ ಇಪ್ಪತ್ತು ಸೀರೆ, ಕೋಲಿನ ಮೇಲೆ ಹತ್ತು ಅಂಗಿ; ಒಂದಿದ್ದಂತೆ ಇನ್ನೊಂದಿಲ್ಲ. ಸೀರೆಯನ್ನು ಬಿಡಿಸಿ ತೋರಿಸುವಾಗ ಅಂಗಡಿಯವರು ಅದನ್ನು ನೇಯ್ದ ಊರನ್ನೂ ಹೇಳುತ್ತಾರೆ. ಇದು ಇಳಕಲ್ಲಿನದು, ಇದು ಮಹೇಶ್ವರದ್ದು, ಇದು ಚಂದೇರಿಯದು ಎನ್ನುತ್ತಾರೆ. ಕೊಳ್ಳುವ ಹೆಣ್ಣುಮಗಳು ಆ ಊರಿನ ಹೆಸರಿಗೂ ಸೇರಿಸಿಯೇ ಹಣ ಎಣಿಸುತ್ತಾಳೆ.

ಇಂದು ಇದು ಸಹಜವೆಂದು ತೋರುತ್ತದೆ. ದೇಶ ಸ್ವತಂತ್ರವಾದ ಕಾಲದಲ್ಲಿ ಸಂಗತಿ ಬೇರೆಯಾಗಿತ್ತು. ಕೈಮಗ್ಗದ ಬಟ್ಟೆಯನ್ನು ಹಳ್ಳಿಯವರು ರೂಢಿಯಿಂದ ಉಡುತ್ತಿದ್ದರು. ರಾಷ್ಟ್ರಭಕ್ತರು ವ್ರತವೆಂದು ಖಾದಿ ತೊಡುತ್ತಿದ್ದರು. ಪೇಟೆಯ ಸಾಮಾನ್ಯ ಗೃಹಿಣಿಗೆ ಗಿರಣಿಯ ನಯವಾದ ವಾಯಿಲು ಬೇಕಾಗಿತ್ತು, ಅನುಕೂಲವಿದ್ದವರಿಗೆ ಜಾರ್ಜೆಟ್ಟು ಬೇಕಾಗಿತ್ತು. ನೇಕಾರನ ಕೈಯಿಂದ ಬಂದ ಬಟ್ಟೆಯನ್ನು ಅದರ ಚೆಲುವಿಗಾಗಿ, ಅದಕ್ಕೆ ತಕ್ಕ ಬೆಲೆ ಕೊಟ್ಟು, ಸಂತೋಷದಿಂದ ಕೊಳ್ಳಬಹುದೆಂಬ ರುಚಿಯನ್ನು ಯಾರಾದರೂ ಬೆಳೆಸಬೇಕಾಗಿತ್ತು. ಅದನ್ನು ಬೆಳೆಸಿದ ಕೆಲವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ನಮ್ಮ ಮಂಗಳೂರಿನಲ್ಲಿ ಹುಟ್ಟಿ, ಇದೇ ಮುಂಬಯಿಯಲ್ಲಿ ಕಣ್ಣು ಮುಚ್ಚಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ.

ಅವರನ್ನು ಸ್ವಾತಂತ್ರ್ಯ ಹೋರಾಟಗಾರ್ತಿಯೆಂದೂ, ಮಹಿಳಾ ನಾಯಕಿಯೆಂದೂ ನಾವೆಲ್ಲ ಓದಿದ್ದೇವೆ. ಅವರು ಕತ್ತರಿ ಹಿಡಿದು ಉಡುಪು ಹೊಲಿದವರಲ್ಲ. ತಮ್ಮ ಹೆಸರಿನ ಅಂಗಡಿಯನ್ನೂ ಇಟ್ಟವರಲ್ಲ. ಆದರೆ ಇಂದು ಉಡುಪಿನ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡು ಸ್ವಂತ ಮಳಿಗೆ ನಡೆಸುವ ನೂರಾರು ಮಂದಿಗೆ ಬಟ್ಟೆಯನ್ನೂ ಗಿರಾಕಿಯನ್ನೂ ಒದಗಿಸಿಕೊಟ್ಟ ಹಿರಿಯರಲ್ಲಿ ಅವರು ಒಬ್ಬರು. ಆ ದೃಷ್ಟಿಯಿಂದ ಅವರ ಜೀವನವನ್ನು ಇಲ್ಲಿ ಸ್ಮರಿಸಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇವೆ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ಓದುಬರಹ ಬಲ್ಲ, ಸ್ವತಂತ್ರ ಮನೋಭಾವದ ಹೆಂಗಸು. ಸಾರಸ್ವತ ಮನೆತನ, ಅನುಕೂಲವಾದ ಸಂಸಾರ. ಕಮಲೆಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮರಣಪತ್ರ ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಹಿಂದಿನ ಹೆಂಡತಿಯ ಮಗನ ಪಾಲಾಯಿತು. ವಿಧವೆಗೂ ಹೆಣ್ಣುಮಗಳಿಗೂ ತಿಂಗಳಿಗಿಷ್ಟೆಂದು ಜೀವನಾಂಶ ಮಾತ್ರ ಉಳಿಯಿತು. ಗಿರಿಜಾಬಾಯಿಯವರು ಅದನ್ನು ಮುಟ್ಟಲಿಲ್ಲ. ತವರಿನಿಂದ ತಂದ ಆಸ್ತಿಯ ಮೇಲೆಯೇ ಮಗಳನ್ನು ಸಾಕಿದರು. ತನ್ನದೆಂಬ ವರಮಾನವಿಲ್ಲದ ಮನುಷ್ಯನ ಮರ್ಯಾದೆ ಎಷ್ಟು ತೆಳುವಾದುದೆಂಬುದನ್ನು ಆ ಹುಡುಗಿ ಮನೆಯಲ್ಲಿಯೇ ಕಂಡಳು. ಮುಂದೆ ಆಕೆ ನೇಕಾರರ ವಿಷಯದಲ್ಲಿ ದಯೆಗಿಂತ ಹೆಚ್ಚಾಗಿ ಗಳಿಕೆಯ ಮಾತನ್ನು ಆಡಿದ್ದರ ಬೇರು ಇಲ್ಲಿರಬಹುದು.

ಹದಿನಾಲ್ಕನೆಯ ವಯಸ್ಸಿನಲ್ಲಿ, 1917ರಲ್ಲಿ, ಮದುವೆಯಾಯಿತು. ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡರು. ಅಂದಿನ ಮೇಲುಜಾತಿಯ ಮನೆಗಳಲ್ಲಿ ಬಾಲವಿಧವೆಯ ಪಾಡು ಏನೆಂಬುದನ್ನು ಹಿರಿಯರು ಬಲ್ಲರು. ಕೂದಲು ತೆಗೆಸಿ, ಒಂದೇ ಬಣ್ಣದ ಸೀರೆ ಉಡಿಸಿ, ಹೂವು ಬಳೆಗಳಿಂದ ದೂರವಿಟ್ಟು, ಅಡುಗೆಮನೆಯ ಮೂಲೆಗೆ ಸೇರಿಸುತ್ತಿದ್ದರು. ಕಮಲಾದೇವಿಯವರಿಗೆ ಆ ಗತಿ ಬರಲಿಲ್ಲ. ಓದು ಮುಂದುವರಿಯಿತು, ಮದರಾಸಿಗೆ ಹೋದರು. ಅಲ್ಲಿ ಸರೋಜಿನಿ ನಾಯಿಡು ಅವರ ತಂಗಿ ಸುಹಾಸಿನಿಯವರ ಸ್ನೇಹವಾಗಿ, ಅವರ ಸೋದರ, ಕವಿಯೂ ನಾಟಕಕಾರರೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಇಬ್ಬರೂ ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವನೊಡನೆ! ಮಂಗಳೂರಿನ ಸಂಪ್ರದಾಯಸ್ಥರು ಬಹಳ ದಿನ ಅದನ್ನು ಮರೆಯಲಿಲ್ಲ. ಈ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಕೊನೆಗೊಂಡಿತು. ಆದರೆ ಅದರಿಂದ ಬಂದ ನಾಟಕರಂಗದ ನಂಟು, ಬಣ್ಣ ವೇಷಭೂಷಣಗಳ ಮೇಲಿನ ಒಲವು, ಕಮಲಾದೇವಿಯವರನ್ನು ಬಿಟ್ಟು ಹೋಗಲಿಲ್ಲ. ಲೋಕರೂಢಿ ಯಾವ ಹೆಣ್ಣಿನಿಂದ ಬಣ್ಣವನ್ನು ಕಸಿದುಕೊಳ್ಳಬೇಕಾಗಿತ್ತೋ ಆ ಹೆಣ್ಣು ತನ್ನ ಆಯುಷ್ಯದ ಉತ್ತರಾರ್ಧವನ್ನೆಲ್ಲ ಈ ದೇಶದ ಬಣ್ಣಗಳನ್ನು ಕಾಯುವುದರಲ್ಲಿ ಕಳೆದರು.

ಗಂಡನೊಡನೆ ಅವರು ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಅವರನ್ನು ಸ್ವದೇಶಕ್ಕೆ ಎಳೆತಂದಿತು. 1923ರ ಸುಮಾರಿಗೆ ಬಂದು ಸೇವಾದಳ ಸೇರಿದರು. 1926ರಲ್ಲಿ ಮದರಾಸು ಪ್ರಾಂತದಲ್ಲಿ ಹೆಂಗಸರಿಗೆ ಶಾಸನಸಭೆಗೆ ಸ್ಪರ್ಧಿಸುವ ಹಕ್ಕು ದೊರೆತೊಡನೆ, ಮಾರ್ಗರೆಟ್ ಕಸಿನ್ಸ್ ಅವರ ಉತ್ತೇಜನದಿಂದ ಮಂಗಳೂರು ಕ್ಷೇತ್ರದಲ್ಲಿ ನಿಂತರು. ಭಾರತದಲ್ಲಿ ಹಾಗೆ ಸ್ಪರ್ಧಿಸಿದ ಮೊದಲ ಮಹಿಳೆಯರಲ್ಲಿ ಅವರು ಒಬ್ಬರು. ಸಿದ್ಧತೆಗೆ ಸಾಕಷ್ಟು ಸಮಯವಿರಲಿಲ್ಲ. ಅಲ್ಪ ಮತಗಳ ಅಂತರದಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಪರಿಷತ್ತು ಸ್ಥಾಪನೆಯಾದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು.

1930ರಲ್ಲಿ ಮುಂಬಯಿ ಅವರನ್ನು ಚೆನ್ನಾಗಿ ಕಂಡಿತು. ದಾಂಡಿಗೆ ಹೊರಟ ಗಾಂಧೀಜಿಯವರ ತಂಡದಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿಯವರು ದಾರಿಯಲ್ಲಿಯೇ ಗಾಂಧೀಜಿಯವರನ್ನು ಕಂಡು, ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಹಟ ಹಿಡಿದು ಒಪ್ಪಿಗೆ ಪಡೆದರು. ಮುಂಬಯಿಯ ಕಡಲ ದಂಡೆಯಲ್ಲಿ ಕಾನೂನು ಮುರಿಯಲು ಆರಿಸಿದ ಏಳು ಮಂದಿಯ ತಂಡದಲ್ಲಿ ಇಬ್ಬರು ಹೆಂಗಸರಿದ್ದರು: ಒಬ್ಬರು ಅವಂತಿಕಾಬಾಯಿ ಗೋಖಲೆ, ಇನ್ನೊಬ್ಬರು ಕಮಲಾದೇವಿ. ಒಲೆ ಹೂಡಿ, ಕಡಲ ನೀರು ಕಾಯಿಸಿ ತೆಗೆದ ಉಪ್ಪನ್ನು ಪೊಟ್ಟಣ ಕಟ್ಟಿ ಊರಲ್ಲೆಲ್ಲ ಮಾರಿದರು. ಶೇರುಪೇಟೆಯ ಕಟ್ಟಡದೊಳಕ್ಕೂ ಹೋಗಿ ಕೂಗಿ ಮಾರಿದರು. ಚಿಟಿಕೆ ಉಪ್ಪಿಗೆ ದಲ್ಲಾಳಿಗಳು ಪೈಪೋಟಿಯಿಂದ ರೂಪಾಯಿಗಳನ್ನು ಸುರಿದರು. ಕೊನೆಗೆ ಬಂಧನವಾಗಿ ಯರವಡೆಯ ಸೆರೆಮನೆ ಸೇರಬೇಕಾಯಿತು.

ಕಮಲಾದೇವಿಯವರು ಮುಂಬಯಿಯ ಪೇಟೆಯಲ್ಲಿ ಮಾರಿದ ಸರಕು ಹೀಗೆ ಒಂದು ಪೊಟ್ಟಣ ಉಪ್ಪು. ಅದೇ ವರ್ಷ ಈ ನಗರದ ಹೆಂಗಸರು ಕಿತ್ತಳೆ ಬಣ್ಣದ ಖಾದಿ ಸೀರೆಯುಟ್ಟು ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿದರು. ಅದಕ್ಕೂ ಒಂಬತ್ತು ವರ್ಷ ಮುಂಚೆ, 1921ರ ಜುಲೈ 31ರಂದು, ಪರೇಲಿನ ಎಲ್ಫಿನ್‌ಸ್ಟನ್ ಗಿರಣಿಯ ಬಳಿ ಗಾಂಧೀಜಿಯವರು ವಿದೇಶಿ ಬಟ್ಟೆಯ ಹೋಳಿ ಹಚ್ಚಿದ್ದರು. ಏನನ್ನು ಉಡಬಾರದೆಂಬುದನ್ನು ಮುಂಬಯಿ ಆಗಲೇ ಕಲಿತಿತ್ತು. ಏನನ್ನು ಉಡಬೇಕು, ಅದನ್ನು ಎಲ್ಲಿ ಕೊಳ್ಳಬೇಕು, ಅದರ ಹಣ ಯಾರ ಕೈಗೆ ಸೇರಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ದೇಶಾಭಿಮಾನದ ಭರದಲ್ಲಿ ಒಂದು ದಿನ ಉಪ್ಪಿಗೆ ಹತ್ತುಪಟ್ಟು ಬೆಲೆ ಕೊಡುವವರು ಸಿಕ್ಕಾರು; ವರ್ಷಕ್ಕೆ ನಾಲ್ಕು ಸಲ ಸೀರೆ ಕೊಳ್ಳುವ ಹೆಂಗಸು ಬಣ್ಣ, ಬಾಳಿಕೆ, ಬೆಲೆ ಮೂರನ್ನೂ ನೋಡುತ್ತಾಳೆ. ಕೈಮಗ್ಗದ ಬಟ್ಟೆ ಆ ಮೂರು ಪರೀಕ್ಷೆಗಳಲ್ಲಿಯೂ ಗೆಲ್ಲಬೇಕಾಗಿತ್ತು.

ಮುಂದಿನ ಹದಿನೈದು ವರ್ಷಗಳು ರಾಜಕೀಯದ ವರ್ಷಗಳು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಹುಟ್ಟಿದಾಗ ಅದರಲ್ಲಿ ಮುಂದಾಳಾಗಿದ್ದರು. 1936ರ ಮೀರತ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಇಂಗ್ಲೆಂಡಿನಲ್ಲಿದ್ದವರು ಅಲ್ಲಿಂದ ಅಮೆರಿಕ, ಜಪಾನು, ಚೀನಾಗಳನ್ನು ಸುತ್ತಿ ಬಂದರು. 1944ರಲ್ಲಿ ಮಹಿಳಾ ಪರಿಷತ್ತಿನ ಅಧ್ಯಕ್ಷೆಯಾದರು. ಅದೇ ವರ್ಷ ಮುಂಬಯಿಯಲ್ಲಿ ಸ್ಥಾಪನೆಯಾದ ಇಂಡಿಯನ್ ನ್ಯಾಷನಲ್ ಥಿಯೇಟರ್ ಎಂಬ ನಾಟಕ ಸಂಸ್ಥೆಯ ಮೂಲಪುರುಷರಲ್ಲಿಯೂ ಅವರಿದ್ದರು. ಮರಾಠಿ, ಗುಜರಾತಿ ರಂಗಭೂಮಿಗಳಿಗೆ ಆ ಸಂಸ್ಥೆ ಸಲ್ಲಿಸಿದ ಸೇವೆ ಮುಂಬಯಿಯ ರಸಿಕರಿಗೆ ಗೊತ್ತಿದೆ.

ಸ್ವಾತಂತ್ರ್ಯ ಬಂದಿತು. ಜೊತೆಗೂಡಿ ಸೆರೆಮನೆ ಕಂಡವರು ಮಂತ್ರಿಗಳಾದರು, ರಾಯಭಾರಿಗಳಾದರು, ರಾಜ್ಯಪಾಲರಾದರು. ಕಮಲಾದೇವಿಯವರು ಆ ಹಾದಿ ತುಳಿಯಲಿಲ್ಲ. ದೆಹಲಿಯ ಸುತ್ತ ಪಂಜಾಬಿನಿಂದಲೂ ವಾಯವ್ಯ ಗಡಿನಾಡಿನಿಂದಲೂ ಬಂದ ಲಕ್ಷಾಂತರ ನಿರಾಶ್ರಿತರು ಗುಡಾರಗಳಲ್ಲಿ ಬಿದ್ದಿದ್ದರು. ಅವರಿಗೆ ಗಂಜಿ ಹಾಕುವುದಕ್ಕಿಂತ ಕೆಲಸ ಕೊಡುವುದು ಮೇಲೆಂದು ಬಗೆದು, ಗೆಳೆಯರೊಡನೆ ಭಾರತೀಯ ಸಹಕಾರ ಸಂಘ ಎಂಬ ಸಂಸ್ಥೆಯನ್ನು 1948ರಲ್ಲಿ ಆರಂಭಿಸಿದರು. ಎಲ್. ಸಿ. ಜೈನ್ ಮೊದಲಾದ ತರುಣರು ಅದರಲ್ಲಿ ದುಡಿದರು. ದೆಹಲಿಯ ಹತ್ತಿರ ಛತ್ತರ್‌ಪುರದಲ್ಲಿ ಸಹಕಾರಿ ಬೇಸಾಯ ನಡೆಯಿತು. ಫರೀದಾಬಾದಿನಲ್ಲಿ ಗಡಿನಾಡಿನ ಹತ್ತಾರು ಸಾವಿರ ನಿರಾಶ್ರಿತರು ತಮ್ಮ ಕೈಯಿಂದಲೇ ಮನೆ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿಕೊಳ್ಳುವ ದೊಡ್ಡ ಪ್ರಯೋಗದಲ್ಲಿ ಈ ಸಂಘದ ಪಾತ್ರ ಮಹತ್ತರವಾದದ್ದು.

ಸಹಕಾರವೆಂಬುದು ನಮ್ಮ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಕಮಲಾದೇವಿಯವರು ಹುಟ್ಟಿದ ಸಾರಸ್ವತ ಸಮಾಜದವರೇ ಇಲ್ಲಿ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನೂ, 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದ್ದರು. ಅಲ್ಲಿ ಸೇರಿದವರು ವಿದ್ಯಾವಂತ ನೌಕರವರ್ಗದವರು. ಕಮಲಾದೇವಿಯವರು ಅದೇ ತತ್ವವನ್ನು ಸಹಿ ಹಾಕಲೂ ಬಾರದ ಕುಶಲಕರ್ಮಿಗಳ ನಡುವೆ ನೆಲೆಗೊಳಿಸಲು ಹೊರಟರು. ಕೆಲಸದ ತೊಡಕು ಅಲ್ಲಿತ್ತು.

ನೇಕಾರನ ಕಷ್ಟವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನೂಲು ಕೊಳ್ಳಲು ಅವನ ಬಳಿ ಹಣವಿರುವುದಿಲ್ಲ. ಸಾವುಕಾರನು ನೂಲು ಕೊಡುತ್ತಾನೆ, ಸಾಲ ಕೊಡುತ್ತಾನೆ, ನೇಯ್ದ ಸೀರೆಯನ್ನು ತಾನು ಹೇಳಿದ ಕೂಲಿಗೆ ಒಯ್ಯುತ್ತಾನೆ. ಸೀರೆ ಪೇಟೆಗೆ ಬರುವ ಹೊತ್ತಿಗೆ ಮೂರು ನಾಲ್ಕು ಕೈ ದಾಟಿರುತ್ತದೆ. ಉಡುವವಳಿಗೆ ಏನು ಮೆಚ್ಚಿಕೆಯಾಯಿತು, ಯಾವ ಬಣ್ಣ ಬಿಟ್ಟಿತು ಎಂಬ ಸುದ್ದಿ ನೇಕಾರನಿಗೆ ಮುಟ್ಟುವುದೇ ಇಲ್ಲ. ಬೇಡಿಕೆ ಕುಗ್ಗಿದಾಗ ಸಾವುಕಾರನು ಅಗ್ಗದ ನೂಲು, ಅಗ್ಗದ ಬಣ್ಣ ಕೊಡುತ್ತಾನೆ. ಬಟ್ಟೆ ಇನ್ನೂ ಕೀಳಾಗುತ್ತದೆ. ಬೇಡಿಕೆ ಇನ್ನೂ ಕುಗ್ಗುತ್ತದೆ. ಈ ಸುಳಿಯಿಂದ ಅವನನ್ನು ಎತ್ತಲು ನೇರವಾಗಿ ಕೊಂಡು ನೇರವಾಗಿ ಮಾರುವ ಒಂದು ಅಂಗಡಿ ಬೇಕಾಗಿತ್ತು.

ಅಂಥ ಅಂಗಡಿಯನ್ನು ನಡೆಸುವ ಅವಕಾಶ 1952ರಲ್ಲಿ ದೊರೆಯಿತು. ದೆಹಲಿಯಲ್ಲಿ ಸರ್ಕಾರ ತೆರೆದಿದ್ದ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಎಂಬ ಗೃಹಕೈಗಾರಿಕೆಯ ಮಳಿಗೆಯ ಆಡಳಿತವನ್ನು ಸಹಕಾರ ಸಂಘ ವಹಿಸಿಕೊಂಡಿತು. ಕಮಲಾದೇವಿಯವರ ಗೆಳತಿಯರ ಬಳಗ ಅದಕ್ಕೆ ಟೊಂಕ ಕಟ್ಟಿ ನಿಂತಿತು. ಊರೂರು ತಿರುಗಿ ಕುಶಲಕರ್ಮಿಗಳನ್ನು ಹುಡುಕಿ ಅವರಿಂದಲೇ ಸರಕು ಕೊಳ್ಳುವುದು, ಕೀಳು ಸರಕನ್ನು ಮುಲಾಜಿಲ್ಲದೆ ಹಿಂದಿರುಗಿಸುವುದು, ಚೌಕಾಸಿಗೆ ಎಡೆಯಿಲ್ಲದಂತೆ ಒಂದೇ ಬೆಲೆ ಇಡುವುದು, ಗಿರಾಕಿಯ ಮೆಚ್ಚಿಕೆಯನ್ನೂ ದೂರನ್ನೂ ನೇಕಾರನಿಗೆ ಮುಟ್ಟಿಸುವುದು, ಇವು ಅವರ ಕಾರ್ಯಕ್ರಮಗಳು. ಕುರ್ಚಿಗೆ ಹೊದಿಸುವ ಬಟ್ಟೆ, ಪರದೆ, ಮೇಜಿನ ಹಾಸು, ಹೊಲಿದ ಸಿದ್ಧ ಉಡುಪು ಹೀಗೆ ಪೇಟೆಯ ಬಾಳುವೆಗೆ ಬೇಕಾದ ರೂಪಗಳಿಗೆ ಹಳೆಯ ಕೈಚಳಕವನ್ನು ಒಗ್ಗಿಸಿದರು. ದೆಹಲಿಯ ಜನಪಥದ ಈ ಮಳಿಗೆ ಕೆಲವೇ ವರ್ಷಗಳಲ್ಲಿ ದೇಶವಿದೇಶದವರು ಹುಡುಕಿಕೊಂಡು ಬರುವ ಸ್ಥಳವಾಯಿತು. ಮುಂಬಯಿಯಲ್ಲಿಯೂ ಗೇಟ್‌ವೇ ಆಫ್ ಇಂಡಿಯಾದ ಬಳಿ ಇದರ ಶಾಖೆ ನೆಲೆಯಾಯಿತು.

ಅದೇ 1952ರಲ್ಲಿ ಭಾರತ ಸರ್ಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿತು. ಕಮಲಾದೇವಿಯವರು ಅದರ ಅಧ್ಯಕ್ಷೆಯಾಗಿ ಬಹುಕಾಲ ಸೇವೆ ಸಲ್ಲಿಸಿದರು. ಕೈಮಗ್ಗಕ್ಕಾಗಿ ಬೇರೆ ಮಂಡಳಿಯೇ ಇದ್ದಿತು; ಅಲ್ಲಿ ಶ್ರೀಮತಿ ಪುಪುಲ್ ಜಯಕರ್ ಅವರು ದುಡಿದರು. ಆ ಮಂಡಳಿಯ ನೇಕಾರರ ಸೇವಾಕೇಂದ್ರ ಮುಂಬಯಿಯಲ್ಲಿ ತೆರೆದು, ಕೆ. ಜಿ. ಸುಬ್ರಮಣ್ಯನ್ ಅವರಂಥ ಕಲಾವಿದರು ಮಗ್ಗದ ಮುಂದೆ ಕುಳಿತು ಕೆಲಸ ಮಾಡುವಂತಾಯಿತು. ಅಚ್ಚು ಹಾಕಿದ ಬಟ್ಟೆ, ಕಸೂತಿ, ಬಣ್ಣಗಾರಿಕೆಗಳು ಕಮಲಾದೇವಿಯವರ ಮಂಡಳಿಯ ಪಾಲಿಗೆ ಬಂದವು.

ಈ ಕೆಲಸಕ್ಕೆ ವಿರೋಧವಿರಲಿಲ್ಲವೆಂದು ಭಾವಿಸಬಾರದು. ಬಟ್ಟೆಯ ಕೈಗಾರಿಕೆಯನ್ನು ಕುರಿತು ವಿಚಾರಣೆ ನಡೆಸಿದ ನಿತ್ಯಾನಂದ ಕಾನೂಂಗೊ ಸಮಿತಿ 1954ರಲ್ಲಿ ಕೈಮಗ್ಗಗಳನ್ನು ಕ್ರಮಕ್ರಮವಾಗಿ ವಿದ್ಯುತ್ ಮಗ್ಗಗಳಾಗಿ ಮಾರ್ಪಡಿಸಬೇಕೆಂದು ಸಲಹೆ ಮಾಡಿತು. ಕೂಲಿ ಕಡಿಮೆ, ದುಡಿಮೆ ಹೆಚ್ಚು, ಇಂಥ ಕಸುಬನ್ನು ಏಕೆ ಉಳಿಸಬೇಕೆಂಬುದು ಅಲ್ಲಗಳೆಯಲಾಗದ ಪ್ರಶ್ನೆ. ಮರುವರ್ಷ ಬಂದ ಕರ್ವೆ ಸಮಿತಿ ಉದ್ಯೋಗದ ದೃಷ್ಟಿಯಿಂದ ಗ್ರಾಮೋದ್ಯೋಗಗಳಿಗೆ ಒತ್ತಾಸೆ ನೀಡಿತು. ಕಮಲಾದೇವಿಯವರ ನಿಲುವು ಈ ಎರಡಕ್ಕಿಂತಲೂ ಸ್ವಲ್ಪ ಬೇರೆ. ಯಂತ್ರವನ್ನು ಅವರು ಹಳಿಯಲಿಲ್ಲ. ಯಂತ್ರ ಮಾಡಬಲ್ಲ ಬಟ್ಟೆಯನ್ನೇ ಕೈಯಿಂದಲೂ ಮಾಡಿ ಅದರೊಡನೆ ಪೈಪೋಟಿ ಹೂಡಿದರೆ ನೇಕಾರ ಸೋಲುವುದು ನಿಶ್ಚಯ. ಕೈ ಮಾತ್ರ ಮಾಡಬಲ್ಲ ಬಟ್ಟೆಯನ್ನು ಅವನು ಮಾಡಬೇಕು, ಅದಕ್ಕೆ ತಕ್ಕ ಬೆಲೆ ಅವನಿಗೆ ಸಿಗಬೇಕು. ಕಲೆಗಾರನ ಕಸುಬು ದೇಶಕ್ಕೆ ಹೊರೆಯಲ್ಲ, ದೇಶದ ಬುದ್ಧಿಸಂಪತ್ತಿನ ಒಂದು ಭಾಗವೆಂದು ಅವರು ನಂಬಿದ್ದರು.

ನಮ್ಮ ಇಳಕಲ್ ಸೀರೆಯನ್ನೇ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದರ ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆದ್ದರಿಂದ ಒಂದು ಸೀರೆಗೆ ಒಂದು ಹಾಸು. ಗಿರಣಿಯಂತೆ ನೂರಾರು ಗಜ ಒಂದೇ ಸಮನೆ ನೇಯುವಂತಿಲ್ಲ. ಮನೆಯ ಹೆಂಗಸರು ಕುಳಿತು ಕೊಂಡಿ ಹಾಕುತ್ತಾರೆ. ವಿದ್ಯುತ್ ಮಗ್ಗದವನು ಈ ಸೀರೆಯ ಚಹರೆಯನ್ನು ನಕಲು ಮಾಡಿ ಕಡಿಮೆ ಬೆಲೆಗೆ ಮಾರಬಲ್ಲ, ಆದರೆ ಆ ಕೂಡಿಕೆಯನ್ನು ಕೊಡಲಾರ. ಇದನ್ನು ಗುರುತಿಸಬಲ್ಲ ಗಿರಾಕಿ ಇರುವವರೆಗೆ ಇಳಕಲ್ಲಿನ ಮಗ್ಗ ಆಡುತ್ತದೆ. ಅಂಥ ಗಿರಾಕಿಯನ್ನು ಸಿದ್ಧಪಡಿಸುವುದು ಮಗ್ಗ ಹೂಡುವಷ್ಟೇ ಅಗತ್ಯವೆಂಬುದನ್ನು ಕಮಲಾದೇವಿಯವರು ಕಂಡುಕೊಂಡಿದ್ದರು.

ಆಂಧ್ರದ ಕಾಳಹಸ್ತಿಯಲ್ಲಿ ಕಲಂಕಾರಿ ಬಟ್ಟೆಗಳನ್ನು ಬರೆಯುವವರು ಆಗ ಬೆರಳೆಣಿಕೆಯಷ್ಟು ಉಳಿದಿದ್ದರು. ಅಳಲೆಕಾಯಿಯ ಒಗರನ್ನು ಬಟ್ಟೆಗೆ ಕುಡಿಸಿ, ಹಾಲಿನಲ್ಲಿ ಅದ್ದಿ, ಬೆಲ್ಲದ ನೀರಿನಲ್ಲಿ ಕೊಳೆಸಿದ ಕಬ್ಬಿಣದಿಂದ ಕಪ್ಪನ್ನೂ ಪಟಿಕದ ಸಹಾಯದಿಂದ ಕೆಂಪನ್ನೂ ತರುವ, ಬಣ್ಣ ಬಣ್ಣಕ್ಕೂ ಹೊಳೆಯಲ್ಲಿ ಒಗೆಯುವ ಸಾವಧಾನದ ಕೆಲಸ ಅದು. ದೇವಸ್ಥಾನಗಳ ಬೇಡಿಕೆ ತಪ್ಪಿದ ಮೇಲೆ ಕಲಿಯುವವರಿಲ್ಲದೆ ಹೋಯಿತು. ಕರಕುಶಲ ಮಂಡಳಿ 1950ರ ದಶಕದಲ್ಲಿ ಅಲ್ಲಿ ತರಬೇತಿ ಕೇಂದ್ರ ತೆರೆದು, ಹಳೆಯ ಗುರುವಿನ ಮುಂದೆ ಹೊಸ ಶಿಷ್ಯರನ್ನು ಕೂಡಿಸಿತು. ದೇವರ ಮುಂದೆ ತೂಗುತ್ತಿದ್ದ ಬಟ್ಟೆಯ ಚಿತ್ರ ಇಂದು ಸೀರೆಯ ಸೆರಗಿನ ಮೇಲೆ, ರವಿಕೆಯ ಬೆನ್ನಿನ ಮೇಲೆ ಬಂದಿದ್ದರೆ ಅದರ ಹಿಂದೆ ಆ ಕೇಂದ್ರವಿದೆ.

ಕುಶಲಕರ್ಮಿಗೆ ಗೌರವ ಬರಬೇಕೆಂಬ ಅವರ ಹಂಬಲದಿಂದ 1965ರಲ್ಲಿ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂದಿತು. 1964ರಲ್ಲಿ ಭಾರತೀಯ ಕರಕುಶಲ ಪರಿಷತ್ತನ್ನು ಮದರಾಸಿನಲ್ಲಿ ಕಟ್ಟಿದರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಹುಟ್ಟುವಲ್ಲಿಯೂ ಅವರ ಕೈಯಿತ್ತು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಕಸೂತಿ, ರತ್ನಗಂಬಳಿ, ಕೈಕಸಬುಗಳನ್ನು ಕುರಿತು ಬರೆದ ಗ್ರಂಥಗಳು ಇಂದಿಗೂ ಉಡುಪಿನ ವಿನ್ಯಾಸ ಕಲಿಯುವವರಿಗೆ ಆಕರಗಳಾಗಿವೆ. ಅವರ ಎಂಪೋರಿಯಂನ ಕೆಲಸಕ್ಕೆಂದು 1958ರಲ್ಲಿ ಅಮೆರಿಕದಿಂದ ಬಂದ ಜಾನ್ ಬಿಸ್ಸೆಲ್ ಎಂಬ ತರುಣ 1960ರಲ್ಲಿ ಫ್ಯಾಬ್‌ಇಂಡಿಯಾ ಆರಂಭಿಸಿದರು. ಮೊದಲು ರಫ್ತಿಗಾಗಿ ಹುಟ್ಟಿದ ಆ ಉದ್ಯಮ ಮುಂದೆ ದೇಶದ ಊರೂರುಗಳಲ್ಲಿ ಕೈಮಗ್ಗದ ಅಂಗಿ ಕುರ್ತಾಗಳ ಮಳಿಗೆಗಳನ್ನು ತೆರೆಯಿತು. ಒಂದು ದೀಪದಿಂದ ಇನ್ನೊಂದು ದೀಪ ಹತ್ತಿಕೊಂಡ ಬಗೆ ಹೀಗಿದೆ.

ಆದರೆ ಅವರ ಆಸೆಯೆಲ್ಲ ಕೈಗೂಡಿತೆಂದು ಬರೆದರೆ ಸತ್ಯಕ್ಕೆ ದೂರವಾಗುತ್ತದೆ. ಕುಶಲಕರ್ಮಿಗಳೇ ಒಡೆಯರಾದ ಸಹಕಾರ ಸಂಘಗಳು ದೇಶವನ್ನೆಲ್ಲ ತುಂಬಬೇಕೆಂಬುದು ಅವರ ಕನಸಾಗಿತ್ತು. ಕಾಲಕ್ರಮದಲ್ಲಿ ಸರ್ಕಾರಿ ಇಲಾಖೆಯ ಕೈ ಬಲವಾಯಿತು. 1976ರಲ್ಲಿ ಎಂಪೋರಿಯಂ ಸರ್ಕಾರದ ನಿಗಮವಾಯಿತು. ಮಳಿಗೆಯಲ್ಲಿ ಸರಕು ಮೊದಲಿನಂತೆಯೇ ಇದ್ದರೂ, ಕೊಳ್ಳುವವರನ್ನೂ ಮಾಡುವವರನ್ನೂ ಒಂದೇ ಸಂಘದ ಸದಸ್ಯರನ್ನಾಗಿ ಮಾಡುವ ಮೊದಲಿನ ಉದ್ದೇಶ ಹಿಂದೆ ಸರಿಯಿತು. ಇನ್ನೊಂದು ತೊಡಕೂ ಇತ್ತು. ಕೈಯ ಬಟ್ಟೆಗೆ ನ್ಯಾಯವಾದ ಬೆಲೆ ಇಟ್ಟೊಡನೆ ಅದು ಬಡ ಗೃಹಿಣಿಯ ಕೈಗೆ ಎಟುಕದಾಯಿತು. ಹಳ್ಳಿಯ ಹೆಂಗಸು ವಿದ್ಯುತ್ ಮಗ್ಗದ ಸೀರೆಗೂ ಆಮೇಲೆ ನೈಲಾನಿಗೂ ಹೋದಳು; ಅವಳು ಬಿಟ್ಟ ಕೈಮಗ್ಗದ ಸೀರೆ ನಗರದ ಸಿರಿವಂತೆಯ ಹೆಮ್ಮೆಯಾಯಿತು. ಇದನ್ನು ಕಮಲಾದೇವಿಯವರ ಸೋಲೆನ್ನಬೇಕೋ ಗೆಲುವೆನ್ನಬೇಕೋ ಹೇಳುವುದು ಸುಲಭವಲ್ಲ. ಆ ಸಿರಿವಂತೆಯೂ ಕೈಬಿಟ್ಟಿದ್ದರೆ ಎಷ್ಟೋ ಮಗ್ಗಗಳು ಉರುವಲಾಗುತ್ತಿದ್ದವೆಂಬುದು ಮಾತ್ರ ನಿಜ.

ಅವರ ವೇಷಭೂಷಣವೇ ಅವರ 'ಜಾಹೀರಾತು' ಎನ್ನಬಹುದು. ದಟ್ಟ ಬಣ್ಣದ ಕೈಮಗ್ಗದ ಸೀರೆ, ಹಳ್ಳಿಯ ಅಕ್ಕಸಾಲಿ ಮಾಡಿದ ದೊಡ್ಡ ದೊಡ್ಡ ಆಭರಣ, ಮುಡಿಯಲ್ಲಿ ಹೂವು, ಇವಿಲ್ಲದೆ ಅವರನ್ನು ಕಂಡವರು ಕಡಿಮೆ. ಮಂತ್ರಿಗಳ ಸಭೆಗೂ ವಿದೇಶದ ಸಮ್ಮೇಳನಕ್ಕೂ ಹಾಗೆಯೇ ಹೋದರು. ಬಡತನದ ಗುರುತಾಗಿದ್ದ ಬಟ್ಟೆ ಅವರ ಮೈಮೇಲೆ ಘನತೆಯ ಗುರುತಾಯಿತು. ನೋಡಿದ ಹೆಂಗಸರು ಅಂಥ ಸೀರೆಯನ್ನು ತಾವೂ ಹುಡುಕಿಕೊಂಡು ಹೋದರು.

ಅವರ ಕೊನೆಯ ವರ್ಷಗಳ ಹೊತ್ತಿಗೆ ಕಾಲ ಮತ್ತೊಮ್ಮೆ ಹೊರಳಿತ್ತು. 1982ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದಿಂದ ಮುಂಬಯಿಯ ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಲಾಲ್‌ಬಾಗ್ ಪರೇಲುಗಳ ಚಿಮಣಿಗಳು ಒಂದೊಂದಾಗಿ ಆರಿದವು. 1986ರಲ್ಲಿ ದೆಹಲಿಯಲ್ಲಿ ಉಡುಪಿನ ವಿನ್ಯಾಸ ಕಲಿಸುವ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. 1987ರಲ್ಲಿ ಮುಂಬಯಿಯ ಲಯನ್ ಗೇಟ್ ಬಳಿ ತರುಣ್ ತಹಿಲಿಯಾನಿ ಮತ್ತು ಸಂಗಡಿಗರು ಹಲವು ವಿನ್ಯಾಸಕಾರರ ಉಡುಪುಗಳನ್ನು ಒಂದೇ ಕಡೆ ಮಾರುವ ಆನ್ಸಾಂಬಲ್ ಎಂಬ ಮಳಿಗೆಯನ್ನು ತೆರೆದರು. ವಿನ್ಯಾಸಕಾರನ ಹೆಸರಿಗೆ ಬೆಲೆ ಬರುವ ಯುಗ ಹೀಗೆ ಆರಂಭವಾಯಿತು. ಅದೇ 1987ರಲ್ಲಿ ಭಾರತ ಸರ್ಕಾರ ಕಮಲಾದೇವಿಯವರಿಗೆ ಪದ್ಮವಿಭೂಷಣ ನೀಡಿತು. ಹೆಸರಿಲ್ಲದ ಕೈಗಳಿಗೆ ಬೆಲೆ ಬರಲೆಂದು ಜೀವ ಸವೆಸಿದ ಆ ಹಿರಿಯರು 1988ರ ಅಕ್ಟೋಬರ್ 29ರಂದು, ತಮ್ಮ 85ನೆಯ ವಯಸ್ಸಿನಲ್ಲಿ, ಇದೇ ಮುಂಬಯಿಯಲ್ಲಿ ನಿಧನರಾದರು.

ಅವರು ಕಟ್ಟಿ ಬೆಳೆಸಿದ ಕರಕುಶಲ ಮಂಡಳಿಯನ್ನೂ ಅದರ ಜೊತೆಯ ಕೈಮಗ್ಗ ಮಂಡಳಿಯನ್ನೂ ಕೇಂದ್ರ ಸರ್ಕಾರ 2020ರಲ್ಲಿ ರದ್ದು ಮಾಡಿತು. 2009–10ರ ಗಣತಿಯಲ್ಲಿ ಸುಮಾರು 43 ಲಕ್ಷವಿದ್ದ ಕೈಮಗ್ಗದ ಕೆಲಸಗಾರರ ಸಂಖ್ಯೆ 2019–20ರ ಗಣತಿಯ ವೇಳೆಗೆ ಸುಮಾರು 35 ಲಕ್ಷಕ್ಕೆ ಇಳಿದಿತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಮಂಡಳಿಗಳು ಬರುತ್ತವೆ, ಹೋಗುತ್ತವೆ. ಕೊಳ್ಳುವವರ ಕಣ್ಣು ಪಳಗಿದ್ದರೆ ಮಗ್ಗಕ್ಕೆ ಆಸರೆ ತಪ್ಪುವುದಿಲ್ಲವೆಂಬ ನಂಬಿಕೆಯಿಂದಲೇ ಕಮಲಾದೇವಿಯವರು ಅಷ್ಟು ಕಾಲ ದುಡಿದದ್ದು.

ಅವರ ಪುಣ್ಯತಿಥಿ ನಮ್ಮ ರಾಜ್ಯೋತ್ಸವಕ್ಕೆ ಮೂರು ದಿನ ಮುಂಚೆ ಬರುತ್ತದೆ. ಅವರು ಹುಟ್ಟಿದ ಮಂಗಳೂರು 1956ರ ನವೆಂಬರ್ 1ರಂದು ಕನ್ನಡನಾಡಿನೊಡನೆ ಕೂಡಿತು. ಆ ಹಬ್ಬದ ದಿನ ಮುಂಬಯಿಯ ನಮ್ಮ ಸಭಾಂಗಣಗಳಲ್ಲಿ ಅಕ್ಕತಂಗಿಯರು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ರವಿಕೆ, ಧಾರವಾಡದ ಕಸೂತಿಯ ಸೆರಗಿನಲ್ಲಿ ಬರುವುದನ್ನು ನೋಡುವುದೇ ಒಂದು ಸೊಗಸು. ಆ ಸೀರೆ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಒಂದು ಗಳಿಗೆ ನಿಂತು, ಸೆರಗು ಮೈಗೆ ಕೂಡುವಲ್ಲಿ ಬೆರಳಾಡಿಸಿ ಕೊಂಡಿ ಇದೆಯೇ ಎಂದು ನೋಡಿ. ಇದ್ದರೆ ಬೆಲೆಗೆ ಹೆಚ್ಚು ಎಳೆದಾಡಬೇಡಿ. ಇಳಕಲ್ಲಿನ ಯಾವುದೋ ಮನೆಯಲ್ಲಿ ಒಬ್ಬ ಹೆಣ್ಣುಮಗಳು ಬಹಳ ಹೊತ್ತು ಕುಳಿತು ಅದನ್ನು ಹಾಕಿದ್ದಾಳೆ.